ಜಾಯ್‌ಸ್ಟಿಕ್ ಸೆನ್ಸಿಟಿವಿಟಿ (ಯುದ್ಧವಿಮಾನ ಸಿಮ್ಯುಲೇಟರ್)

ಜಾಯ್‌ಸ್ಟಿಕ್ಕನ್ನು ಎಷ್ಟು ವಾಲಿಸಿದರೆ ಪರದೆಯ ಮೇಲಿನ ವಿಮಾನ ಎಷ್ಟು ಸ್ಪಂದಿಸಬೇಕು ಎಂಬುದನ್ನು ಗೊತ್ತುಮಾಡುವ ಹೊಂದಾಣಿಕೆ. ಮೂತಿಯನ್ನು ಮೇಲೆ ಕೆಳಗೆ ಮಾಡುವ ಪಿಚ್, ರೆಕ್ಕೆ ವಾಲಿಸುವ ರೋಲ್, ಮೂತಿಯನ್ನು ಎಡಬಲಕ್ಕೆ ಹೊರಳಿಸುವ ಯಾ, ಈ ಮೂರು ಅಕ್ಷಗಳಿಗೂ ಬೇರೆಬೇರೆಯಾಗಿ ಇದನ್ನು ಹೊಂದಿಸಬೇಕಾಗುತ್ತದೆ. ಆಟಗಾರನ ಪಾಲಿಗೆ ಇದು ಸೆಟ್ಟಿಂಗ್ಸ್ ಪುಟದ ನಾಲ್ಕಾರು ಅಂಕಿಗಳು. ಬೆಂಗಳೂರಿನಲ್ಲಿ ತೇಜಸ್ ವಿಮಾನವನ್ನು ರೂಪಿಸಿದವರಿಗೆ ಇದೇ ಪ್ರಶ್ನೆ ವರ್ಷಗಟ್ಟಲೆ ದುಡಿಮೆ ಬೇಡಿತು.

ಕೋಲಿನ ಉದ್ದ

ತೊಂದರೆಯ ಮೂಲ ಸಾಫ್ಟ್‌ವೇರಿನಲ್ಲಿಲ್ಲ, ಮೇಜಿನ ಮೇಲಿದೆ. ಹಳೆಯ ಯುದ್ಧವಿಮಾನಗಳಲ್ಲಿ ಪೈಲಟ್‌ನ ಕಾಲುಗಳ ನಡುವೆ ನೆಲದಿಂದಲೇ ಎದ್ದುಬರುವ ಉದ್ದನೆಯ ಕೋಲಿರುತ್ತದೆ. ಕೀಲಿನಿಂದ 50 ಸೆಂ.ಮೀ. ಎತ್ತರದಲ್ಲಿ ಕೈ ಇದ್ದು ಕೋಲು 15 ಡಿಗ್ರಿ ವಾಲಿದರೆ ಕೈ ಸುಮಾರು 13 ಸೆಂ.ಮೀ. ಸರಿಯುತ್ತದೆ. ಕೈ 15 ಸೆಂ.ಮೀ. ಎತ್ತರದಲ್ಲಿರುವ ಮೇಜಿನ ಜಾಯ್‌ಸ್ಟಿಕ್‌ನಲ್ಲಿ ಅದೇ 15 ಡಿಗ್ರಿಗೆ 4 ಸೆಂ.ಮೀ. ಕೂಡ ಇಲ್ಲ. ಕೈ ಮಾಡುವ ಸಣ್ಣ ತಪ್ಪು ಮೂರು ಪಟ್ಟಿಗೂ ಹೆಚ್ಚಾಗಿ ವಿಮಾನಕ್ಕೆ ತಲುಪುತ್ತದೆ. ಸ್ಪಿಟ್‌ಫೈರ್‌ನಂಥ ಎರಡನೇ ಮಹಾಯುದ್ಧದ ವಿಮಾನಗಳನ್ನು ಆಟದಲ್ಲಿ ಹಾರಿಸುವವರು ‘ಮೂತಿ ನಿಲ್ಲುವುದೇ ಇಲ್ಲ’ ಎಂದು ದೂರುವುದು ಇದರಿಂದ. ನಿಜವಾದ ಮದ್ದು ಎಕ್ಸ್‌ಟೆನ್ಷನ್ ಹಾಕಿ ಕೋಲನ್ನೇ ಉದ್ದ ಮಾಡುವುದು. ಆದರೆ ಆಗ ಸ್ಟಿಕ್ಕನ್ನು ಕುರ್ಚಿಗೋ ನೆಲದ ಚೌಕಟ್ಟಿಗೋ ಬಿಗಿಯಬೇಕು, ಸ್ಪ್ರಿಂಗ್ ಬಿರುಸಾಗಿರಬೇಕು, ಖರ್ಚೂ ಇದೆ. ಹಾಗಾಗಿ ಹೆಚ್ಚಿನವರು ಕರ್ವ್‌ನ ಮೊರೆಹೋಗುತ್ತಾರೆ.

ಕರ್ವ್

ಹೊಂದಾಣಿಕೆ ಏನೂ ಮಾಡದಿದ್ದರೆ ಸ್ಟಿಕ್ ಅರ್ಧ ವಾಲಿದಾಗ ಆಜ್ಞೆಯೂ ಅರ್ಧ. ಗ್ರಾಫ್ ನೇರ ಗೆರೆ. ಕರ್ವ್ ಹಾಕಿದರೆ ನಡುಭಾಗ ಮೆತ್ತಗಾಗಿ ಅಂಚು ಕಡಿದಾಗುತ್ತದೆ. ಪ್ರತಿ ಆಟದ್ದೂ ತನ್ನದೇ ಸೂತ್ರ. ಸರಳವಾದ ಒಂದು ರೀತಿಯೆಂದರೆ ಸ್ಟಿಕ್‌ನ ಚಲನೆಯ 70 ಪಾಲಿಗೆ ಅದರ ಘನದ 30 ಪಾಲನ್ನು ಬೆರೆಸುವುದು. ಆಗ ಸ್ಟಿಕ್ ಶೇ. 10 ವಾಲಿದರೆ ಆಜ್ಞೆ ಸುಮಾರು ಶೇ. 7, ಶೇ. 50ಕ್ಕೆ ಸುಮಾರು ಶೇ. 39, ಪೂರ್ತಿ ವಾಲಿದರೆ ಪೂರ್ತಿ 100.

ಹಲವರು ಮರೆಯುವುದು ಇಲ್ಲಿಯೇ. ಎರಡು ತುದಿಗಳೂ ಕದಲುವುದಿಲ್ಲವಾದ್ದರಿಂದ ನಡುವೆ ಉಳಿಸಿದ್ದನ್ನು ಅಂಚಿನಲ್ಲಿ ತೆರಲೇಬೇಕು. ಮೇಲಿನ ಉದಾಹರಣೆಯಲ್ಲಿ ನಡುವಿನ ಇಳಿಜಾರು 0.7, ಅಂಚಿನಲ್ಲಿ 1.6. ಗುರಿ ಹಿಡಿದು ಗನ್ ಹಾರಿಸುವಾಗ ನಡುವಿನ ಮೆದುತನ ನೆರವಿಗೆ ಬರುತ್ತದೆ. ಎದುರಾಳಿಯ ಹಿಂದೆ ಬಿದ್ದು ಬಿಗಿಯಾದ ತಿರುವಿನಲ್ಲಿ ಸ್ಟಿಕ್ಕನ್ನು ಮುಕ್ಕಾಲು ಪಾಲು ಎಳೆದು ಹಿಡಿದಿರುವಾಗ ಅದೇ ಕರ್ವ್ ಕೈಕೊಡುತ್ತದೆ: ತುಸು ಹೆಚ್ಚು ಎಳೆದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು, ಅಂದರೆ ಸ್ಟಾಲ್ ಆಗಿ, ವಿಮಾನ ಮಗುಚುತ್ತದೆ. ಕಾಳಗದಲ್ಲಿ ಸೋತವನು ಕರ್ವ್ ಇನ್ನಷ್ಟು ಏರಿಸಿದರೆ ಮುಂದಿನ ಸೋಲನ್ನು ತಾನೇ ಬರೆದುಕೊಂಡಂತೆ.

2001ರಲ್ಲಿ ಬಂದ ‘ಇಲ್-2 ಸ್ಟರ್ಮೊವಿಕ್’ ಆಟ ಪ್ರತಿ ಅಕ್ಷಕ್ಕೂ ಹತ್ತು ಸ್ಲೈಡರ್ ಕೊಟ್ಟು, ಚಲನೆಯ ಪ್ರತಿ ಹತ್ತನೇ ಒಂದು ಪಾಲನ್ನೂ ಬೇರೆಯಾಗಿ ತಿದ್ದಲು ಬಿಟ್ಟಿತ್ತು. ‘ಡಿಸಿಎಸ್ ವರ್ಲ್ಡ್’ನ ಅಕ್ಷದ ಪುಟದಲ್ಲಿ ಡೆಡ್‌ಜೋನ್, ಎರಡು ಬಗೆಯ ಸ್ಯಾಚುರೇಶನ್, ಕರ್ವೇಚರ್ ಇವೆ, ಬೇಕೆಂದರೆ ಗ್ರಾಫನ್ನು ಬಿಂದು ಬಿಂದುವಾಗಿ ಎಳೆದುಕೊಳ್ಳಬಹುದು. ಸಾಮಾನ್ಯ ಎಡವಟ್ಟೆಂದರೆ ಜಾಯ್‌ಸ್ಟಿಕ್ ಕಂಪನಿಯ ಸಾಫ್ಟ್‌ವೇರಿನಲ್ಲಿ ಒಮ್ಮೆ, ಆಟದಲ್ಲಿ ಇನ್ನೊಮ್ಮೆ ಕರ್ವ್ ಹಾಕುವುದು. ಮೇಲಿನ ಕರ್ವ್ ಎರಡು ಸಲ ಬಿದ್ದರೆ ಅರ್ಧ ವಾಲಿದ ಸ್ಟಿಕ್ ಶೇ. 29ರಷ್ಟೇ ಆಜ್ಞೆ ಕೊಡುತ್ತದೆ.

ಡೆಡ್‌ಜೋನ್ ಮತ್ತು ಸೆನ್ಸರ್

ಸ್ಟಿಕ್ ಬಿಟ್ಟಾಗ ಅದು ಕರಾರುವಾಕ್ಕಾಗಿ ನಡುವಿಗೆ ಬಂದು ನಿಲ್ಲದಿದ್ದರೆ ವಿಮಾನ ತಾನಾಗಿ ವಾಲುತ್ತದೆ. ಅದನ್ನು ಮರೆಸಲು ನಡುವೆ ಬಿಡುವ ನಿರ್ಜೀವ ಪಟ್ಟಿಯೇ ಡೆಡ್‌ಜೋನ್. ಹಳೆಯ ಹಾಗೂ ಅಗ್ಗದ ಸ್ಟಿಕ್‌ಗಳಲ್ಲಿ ಇಂಗಾಲದ ಪಟ್ಟಿಯ ಮೇಲೆ ಉಜ್ಜುತ್ತ ಸಾಗುವ ಪೊಟೆನ್ಷಿಯೊಮೀಟರ್ ಇರುತ್ತದೆ. ಧೂಳು, ಸವೆತ, ತೇವಕ್ಕೆ ಅದರ ಓದು ನಡುಗುತ್ತದೆ. ಮಳೆಗಾಲದ ಥಂಡಿ ತಿಂಗಳುಗಟ್ಟಲೆ ಮನೆಯೊಳಗೆ ಕೂರುವ ಬೇಲೂರು ತಾಲ್ಲೂಕಿನ ಅರೇಹಳ್ಳಿ ಅಥವಾ ಸಕಲೇಶಪುರದ ಕಾಫಿ ಸೀಮೆಯಲ್ಲಿ ಹಾಲ್ ಸೆನ್ಸರ್ ಇರುವ ಸ್ಟಿಕ್ ಮೇಲು. ಅದು ಅಯಸ್ಕಾಂತದ ಕ್ಷೇತ್ರವನ್ನು ದೂರದಿಂದಲೇ ಅಳೆಯುವುದರಿಂದ ಉಜ್ಜಾಟವಿಲ್ಲ, ಸವೆತವಿಲ್ಲ.

ಡೆಡ್‌ಜೋನ್ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ಗುರಿಯ ಮೇಲೆ ಮೂತಿ ನಿಲ್ಲಿಸುವಾಗ ಕೈ ಪದೇಪದೇ ನಡುಬಿಂದುವನ್ನು ದಾಟುತ್ತಿರುತ್ತದೆ. ಆ ಪಟ್ಟಿಯಲ್ಲಿ ವಿಮಾನ ಸುಮ್ಮನಿದ್ದು, ಗಡಿ ದಾಟಿದಾಗ ಎಚ್ಚರಗೊಂಡರೆ ಗುರಿ ಕೈಜಾರುತ್ತದೆ. ಸೆನ್ಸರ್‌ನ ಸೂಕ್ಷ್ಮತೆಯೂ ಲೆಕ್ಕಕ್ಕೆ ಬರುತ್ತದೆ: 8 ಬಿಟ್ ಎಂದರೆ ಇಡೀ ಚಲನೆಗೆ 256 ಮೆಟ್ಟಿಲು, 12 ಬಿಟ್ ಎಂದರೆ 4096. ಮೆಟ್ಟಿಲು ದಪ್ಪವಾಗಿದ್ದರೆ ಯಾವ ಕರ್ವೂ ಅದನ್ನು ನಯ ಮಾಡಲಾರದು.

ಗೇನ್, ತಡ, ತೂಗಾಟ

ಆಜ್ಞೆಗೂ ಸ್ಪಂದನೆಗೂ ನಡುವಿನ ಅನುಪಾತವನ್ನು ಎಂಜಿನಿಯರುಗಳು ಗೇನ್ ಎನ್ನುತ್ತಾರೆ. ಗೇನ್ ಹೆಚ್ಚಿದ್ದು ಜೊತೆಗೆ ತಡವೂ ಸೇರಿದರೆ ಪೈಲಟ್ ತಿದ್ದಲು ಹೋದಷ್ಟೂ ವಿಮಾನ ಉಯ್ಯಾಲೆಯಾಡುತ್ತದೆ. ಕಂಡು ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಮೂತಿ ಗುರಿ ದಾಟಿರುತ್ತದೆ, ಎದುರು ದಿಕ್ಕಿಗೆ ಎಳೆದದ್ದೂ ಅತಿಯಾಗುತ್ತದೆ. ಪೈಲಟ್ ಪ್ರೇರಿತ ತೂಗಾಟವೆಂಬ ಇದನ್ನು ವಾಯುಯಾನದವರು ಪಿಐಓ ಎಂದೇ ಕರೆಯುತ್ತಾರೆ.

1974ರ ಜನವರಿ 20ರಂದು ಅಮೆರಿಕದ ಎಡ್ವರ್ಡ್ಸ್ ನೆಲೆಯಲ್ಲಿ ಎಫ್-16ರ ಮೊದಲ ಮಾದರಿಯಾದ ವೈಎಫ್-16 ವಿಮಾನವನ್ನು ರನ್‌ವೇ ಮೇಲೆ ವೇಗವಾಗಿ ಓಡಿಸಿ ನೋಡುವ ಪರೀಕ್ಷೆಯಿತ್ತು, ಹಾರುವ ಉದ್ದೇಶವಿರಲಿಲ್ಲ. ಅದರಲ್ಲಿ ಪೈಲಟ್‌ನ ಪಕ್ಕಕ್ಕಿದ್ದ ಸ್ಟಿಕ್ ಅಲುಗುತ್ತಲೇ ಇರಲಿಲ್ಲ. ಕೈಯ ಒತ್ತಡವನ್ನು ಮಾತ್ರ ಅಳೆಯುತ್ತಿತ್ತು. ರೋಲ್ ಗೇನ್ ಮಿತಿಮೀರಿದ್ದರಿಂದ ವಿಮಾನ ಎಡಕ್ಕೂ ಬಲಕ್ಕೂ ಹೊಯ್ದಾಡಿ ನೆಲ ಸವರಿತು. ನೆಲದ ಮೇಲೆ ಉಳಿಯುವುದೇ ಹೆಚ್ಚು ಅಪಾಯವೆಂದು ಕಂಡ ಪೈಲಟ್ ಫಿಲ್ ಓಸ್ಟ್ರೈಕರ್ ವಿಮಾನವನ್ನು ಎಬ್ಬಿಸಿ, ಸುತ್ತು ಹಾಕಿ ಸುರಕ್ಷಿತವಾಗಿ ಇಳಿಸಿದರು. ಗೇನ್ ತಗ್ಗಿಸಿದ ಮೇಲೆ ಫೆಬ್ರವರಿ 2ರಂದು ಅಧಿಕೃತ ಮೊದಲ ಹಾರಾಟ ನಡೆಯಿತು. ಮುಂದೆ ಸ್ಟಿಕ್‌ಗೆ ಕೂದಲೆಳೆಯಷ್ಟು ಅಲುಗಾಟವನ್ನೂ ಕೊಟ್ಟರು. ಸ್ವೀಡನ್ನಿನ ಗ್ರಿಪೆನ್‌ಗೆ ಅದೃಷ್ಟ ಒದಗಲಿಲ್ಲ: 1989ರ ಫೆಬ್ರವರಿ 2ರಂದು ಅದರ ಮೊದಲ ಮಾದರಿ ಇಳಿಯುವಾಗ ತೂಗಾಟಕ್ಕೆ ಸಿಕ್ಕಿ ಅಪ್ಪಳಿಸಿತು. ಪೈಲಟ್ ಬದುಕುಳಿದರು.

ಮನೆಯ ಆಟಕ್ಕೂ ಈ ಪಾಠ ನೇರವಾಗಿ ಸಲ್ಲುತ್ತದೆ. ಸ್ಟಿಕ್‌ನ ನಡುಕ ಅಡಗಿಸಲು ಫಿಲ್ಟರ್ ಏರಿಸಿದರೆ ತಡ ಹೆಚ್ಚುತ್ತದೆ. ಕಂಪ್ಯೂಟರ್ ಸೆಕೆಂಡಿಗೆ 30 ಚಿತ್ರ ಮಾತ್ರ ತೋರಿಸುತ್ತಿದ್ದರೆ ಒಂದೊಂದು ಚಿತ್ರವೇ 33 ಮಿಲಿಸೆಕೆಂಡ್. ಗ್ರಾಫಿಕ್ಸ್ ಇಳಿಸಿ ವೇಗ ಹೆಚ್ಚಿಸಿದರೆ ಎಷ್ಟೋ ಸಲ ಕರ್ವ್ ಮುಟ್ಟದೆಯೇ ಗುರಿ ನಿಲ್ಲುತ್ತದೆ.

ಬೆಂಗಳೂರಿನ ಕೆಲಸ

ತೇಜಸ್ ಸಹಜವಾಗಿ ಅಸ್ಥಿರವಾಗಿರುವಂತೆ ರೂಪಿಸಿದ ವಿಮಾನ. ನಾಲ್ಕು ಸಮಾಂತರ ಚಾನಲ್‌ಗಳ ಡಿಜಿಟಲ್ ಫ್ಲೈ-ಬೈ-ವೈರ್ ಇಲ್ಲದೆ ಅದನ್ನು ಹಾರಿಸಲಾಗದು. ಇಲ್ಲಿ ಸ್ಟಿಕ್ ನೇರವಾಗಿ ರೆಕ್ಕೆಯ ಫಲಕವನ್ನು ತಿರುಗಿಸುವುದಿಲ್ಲ, ಇಷ್ಟು ತಿರುವು ಬೇಕೆಂದು ಕಂಪ್ಯೂಟರನ್ನು ಕೇಳುತ್ತದೆ. ಕೇಳಿದ್ದನ್ನು ಹೇಗೆ ನಡೆಸಿಕೊಡಬೇಕೆಂಬ ನಿಯಮಗಳನ್ನು ಬರೆಯಲು 1992ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಕೇಂದ್ರವಾಗಿ ರಾಷ್ಟ್ರೀಯ ಕಂಟ್ರೋಲ್ ಲಾ ತಂಡ ರಚನೆಯಾಯಿತು. ನಿಯಮಗಳನ್ನು ಎನ್‌ಎಎಲ್‌ನ ಸಿಮ್ಯುಲೇಟರ್‌ನಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆಯಾದ ಎಡಿಇಯ ರಿಯಲ್ ಟೈಮ್ ಸಿಮ್ಯುಲೇಟರ್‌ನಲ್ಲಿ, ವಿಮಾನ ತಯಾರಿಸುವ ಎಚ್‌ಎಎಲ್‌ನಲ್ಲಿ ನಿಜವಾದ ಹೈಡ್ರಾಲಿಕ್ ಭಾಗಗಳನ್ನೇ ಜೋಡಿಸಿದ ಐರನ್ ಬರ್ಡ್ ಎಂಬ ಪರೀಕ್ಷಾ ಚೌಕಟ್ಟಿನ ಮೇಲೆ ಪರೀಕ್ಷಿಸಿದರು.

ನೆಲದ ಸಿಮ್ಯುಲೇಟರ್‌ಗೆ ಒಂದು ಮಿತಿಯಿದೆ. ತಿರುವಿನ ಜಿ ಬಲ ಮೈಮೇಲೆ ಒತ್ತುವುದಿಲ್ಲ, ಪ್ರಾಣಭಯವಿಲ್ಲ. ಪೈಲಟ್‌ನ ಕೈ ನಿರಾಳವಾಗಿರುತ್ತದೆ, ತೂಗಾಟ ಅಡಗಿಯೇ ಇರುತ್ತದೆ. ಅದಕ್ಕಾಗಿಯೇ 1996ರಲ್ಲಿ ಅಮೆರಿಕದ ಕ್ಯಾಲ್‌ಸ್ಪಾನ್ ಸಂಸ್ಥೆ ನಡೆಸುತ್ತಿದ್ದ ಎಫ್-16 ವಿಸ್ಟಾ ಎಂಬ ವೇಷಗಾರ ವಿಮಾನಕ್ಕೆ ತೇಜಸ್‌ನ ಗುಣಗಳನ್ನು ತುಂಬಿ ಆಕಾಶದಲ್ಲೇ ಹಾರಿಸಿ ನೋಡಿದರು. 1998ರ ಪೋಖ್ರಾನ್ ಅಣುಸ್ಫೋಟದ ನಂತರ ಅಮೆರಿಕ ಹೇರಿದ ನಿರ್ಬಂಧದಿಂದ ಆ ಬಾಗಿಲು ಮುಚ್ಚಿತು. ಉಳಿದದ್ದನ್ನು ಇಲ್ಲಿಯೇ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಮೊದಲ ಮಾದರಿಯನ್ನು 18 ನಿಮಿಷ ಹಾರಿಸಿದರು. 2018ರ ಸೆಪ್ಟೆಂಬರಿನಲ್ಲಿ ತೇಜಸ್ ಹಾರುತ್ತಲೇ ಮತ್ತೊಂದು ವಿಮಾನದಿಂದ ಇಂಧನ ತುಂಬಿಕೊಂಡಿತು. ಸ್ಟಿಕ್ ಸೂಕ್ಷ್ಮತೆಗೆ ಅದಕ್ಕಿಂತ ಕಠಿಣ ಪರೀಕ್ಷೆ ವಿರಳ.

ಪರೀಕ್ಷಾ ಪೈಲಟ್‌ಗಳು ಸ್ಟಿಕ್ ಬಗ್ಗೆ ಬರಿ ‘ಚೆನ್ನಾಗಿದೆ’ ಎಂದು ಹೇಳಿ ಬಿಡುವುದಿಲ್ಲ. 1969ರ ಕೂಪರ್-ಹಾರ್ಪರ್ ಮಾಪಕದಲ್ಲಿ 1ರಿಂದ 10ರವರೆಗೆ ಅಂಕ ಕೊಡುತ್ತಾರೆ. 1 ಉತ್ತಮ, 10 ಎಂದರೆ ವಿಮಾನ ಹಿಡಿತಕ್ಕೆ ಸಿಗದು. ಅಂಕ ಯಾವಾಗಲೂ ಒಂದು ನಿರ್ದಿಷ್ಟ ಕೆಲಸಕ್ಕೆ, ಇಡೀ ವಿಮಾನಕ್ಕಲ್ಲ. ಆಟಗಾರರೂ ಒಂದು ಗುರಿ, ಒಂದು ವೇಗ, ಒಂದು ದೂರ ಗೊತ್ತುಮಾಡಿಕೊಂಡು, ಒಮ್ಮೆಗೆ ಒಂದೇ ಅಂಕಿ ಬದಲಿಸಿ ನೋಡುವುದು ಸರಿಯಾದ ಕ್ರಮ.

ವಿಮಾನದಿಂದ ವಿಮಾನಕ್ಕೆ

ಎಲ್ಲ ವಿಮಾನಕ್ಕೂ ಒಂದೇ ಕರ್ವ್ ಒಗ್ಗದು. ಎಫ್-16, ಮಿರಾಜ್ 2000ದಂಥ ಫ್ಲೈ-ಬೈ-ವೈರ್ ವಿಮಾನಗಳಲ್ಲಿ ಕಂಪ್ಯೂಟರ್ ಆಗಲೇ ಆಜ್ಞೆಯನ್ನು ತಿದ್ದುತ್ತಿರುವುದರಿಂದ ಅಲ್ಪ ಕರ್ವ್ ಸಾಕು. ಭಾರತೀಯ ವಾಯುಸೇನೆಯಲ್ಲಿ 1963ರಿಂದ 2025ರವರೆಗೆ ದುಡಿದ ಮಿಗ್-21ರಲ್ಲಿ ಕಂಪ್ಯೂಟರ್ ಯುಗಕ್ಕೂ ಮುಂಚಿನ ಉಪಾಯವೊಂದಿತ್ತು: ಎಆರ್‌ಯು ಎಂಬ ಯಂತ್ರವು ವೇಗ ಮತ್ತು ಎತ್ತರ ನೋಡಿಕೊಂಡು ಸ್ಟಿಕ್‌ಗೂ ಬಾಲದ ಫಲಕಕ್ಕೂ ಇರುವ ಅನುಪಾತವನ್ನು ತಾನೇ ಬದಲಿಸುತ್ತಿತ್ತು. ಡಿಸಿಎಸ್‌ನ ಮಿಗ್-21ರಲ್ಲಿ ಅದೂ ಇದೆ. ಅದರ ಮೇಲೆ ಬಿರುಸಾದ ಕರ್ವ್ ಹೇರಿದರೆ ಎರಡು ತಿದ್ದುಪಡಿಗಳು ಒಂದರ ಮೇಲೊಂದು ಕೂರುತ್ತವೆ.

ಹೆಲಿಕಾಪ್ಟರಿನಲ್ಲಿ ಸ್ಟಿಕ್ಕನ್ನು ನಡುವಿನಿಂದ ಆಚೆಯೇ ಹಿಡಿದಿರಬೇಕಾಗುವುದರಿಂದ ಕರ್ವ್‌ಗಿಂತ ಆಜ್ಞೆಯ ಗರಿಷ್ಠ ಮಿತಿಯಾದ ಸ್ಯಾಚುರೇಶನ್ ಇಳಿಸಿ ಇಡೀ ಗೆರೆಯನ್ನೇ ತಗ್ಗಿಸುವುದು ವಾಸಿ, ಪೂರ್ತಿ ಚಲನೆ ಸಿಗದಿದ್ದರೂ. ಥ್ರಾಟಲ್‌ಗೆ ಸಾಮಾನ್ಯವಾಗಿ ನೇರ ಗೆರೆಯೇ ಸಾಕು.