ಕಂಪನಿ ಕೈಬಿಟ್ಟರೂ ಹಾಡು ನಿಲ್ಲಿಸದ ಸ್ಕ್ವೀಝ್‌ಬಾಕ್ಸ್: ಯಾವ ಫೋನ್, ಕಂಪ್ಯೂಟರ್‌ನಿಂದ ನಿಯಂತ್ರಿಸಬಹುದು?

ಮನೆಯ ವೈಫೈ ಮೂಲಕ ಹಾಡು ಕೇಳಿಸುವ ಸ್ಕ್ವೀಝ್‌ಬಾಕ್ಸ್ ಪ್ಲೇಯರ್‌ಗಳನ್ನು ಲಾಜಿಟೆಕ್ ಕಂಪನಿ 2012ರಲ್ಲೇ ಕೈಬಿಟ್ಟಿತು. 2024ರಲ್ಲಿ ಅದರ ಆನ್‌ಲೈನ್ ಸೇವೆ ಮೈಸ್ಕ್ವೀಝ್‌ಬಾಕ್ಸ್ ಡಾಟ್ ಕಾಮ್ ಕೂಡ ಬಂದ್ ಆಯಿತು. ಆದರೂ ಹಳೆಯ ಪ್ಲೇಯರ್‌ಗಳು ಗುಜರಿ ಸೇರಬೇಕಾಗಿಲ್ಲ. ಅವನ್ನು ನಡೆಸುವ ಸರ್ವರ್ ಸಾಫ್ಟ್‌ವೇರ್ ಇರುವುದು ಬಳಕೆದಾರರ ಮನೆಯ ಕಂಪ್ಯೂಟರ್‌ನಲ್ಲೇ.

ಈ ಓಪನ್ ಸೋರ್ಸ್ ಸಾಫ್ಟ್‌ವೇರ್ ರೂಪಿಸಿದ್ದು ಅಮೆರಿಕದ ಸ್ಲಿಮ್ ಡಿವೈಸಸ್. ಆ ಪುಟ್ಟ ಕಂಪನಿಯನ್ನು ಲಾಜಿಟೆಕ್ 2006ರಲ್ಲಿ ಖರೀದಿಸಿತ್ತು. ಸಾಫ್ಟ್‌ವೇರ್‌ನ ಈಗಿನ ಹೆಸರು ಲಿರಿಯನ್ ಮ್ಯೂಸಿಕ್ ಸರ್ವರ್. ನೋಡಿಕೊಳ್ಳುತ್ತಿರುವವರು ಆಸಕ್ತ ಡೆವಲಪರ್‌ಗಳು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಕೆಲಸ ಮಾಡುತ್ತದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಇದ್ದರೂ ಸಾಕು.

ಇನ್ನು ರಿಮೋಟ್. ಐಫೋನ್‌ಗೆ ಐಪೆಂಗ್, ಆಂಡ್ರಾಯ್ಡ್‌ಗೆ ಸ್ಕ್ವೀಝರ್ ಆ್ಯಪ್‌ಗಳಿವೆ. ಆ್ಯಪ್ ಬೇಡವೆಂದರೆ ಬ್ರೌಸರ್‌ನಲ್ಲಿ ಸರ್ವರ್‌ನ ಐಪಿ ವಿಳಾಸ ಬರೆದು, ಪಕ್ಕದಲ್ಲಿ ಕೋಲನ್ ಹಾಕಿ 9000 ಎಂದು ಟೈಪ್ ಮಾಡಿ. ಮೆಟೀರಿಯಲ್ ಸ್ಕಿನ್ ಎಂಬ ಪ್ಲಗಿನ್ ಹಾಕಿಕೊಂಡರೆ ಆ ಪುಟ ಮೊಬೈಲ್‌ನಲ್ಲೂ ಚೆನ್ನಾಗಿ ಕಾಣುತ್ತದೆ. ಹಳೆಯ ವಿನ್ಯಾಸ ಮಾತ್ರ ನಿಜಕ್ಕೂ ಹಳತು!

ಇಲ್ಲಿ ಫೋನ್ ಬರೀ ರಿಮೋಟ್. ಹಾಡು ಸರ್ವರ್‌ನಿಂದ ನೇರವಾಗಿ ಪ್ಲೇಯರ್‌ಗೆ ಹೋಗುತ್ತದೆ. ಹಾಗಾಗಿ ಮೊಬೈಲ್‌ ಬ್ಯಾಟರಿ ಮುಗಿದರೂ ಹಾಲ್‌ನಲ್ಲಿ ಹಾಡು ನಿಲ್ಲದು. ಬ್ಲೂಟೂತ್ ಸ್ಪೀಕರ್ ಬಳಸುವವರಿಗೆ ಇದರ ಬೆಲೆ ಗೊತ್ತು. ಫೋನ್ ಮತ್ತು ಸರ್ವರ್ ಒಂದೇ ವೈಫೈನಲ್ಲಿರಲಿ. ಹೊರಗಿನಿಂದ ನಿಯಂತ್ರಿಸುವ ಆಸೆಗೆ ರೌಟರ್‌ನಲ್ಲಿ 9000 ಪೋರ್ಟ್ ತೆರೆದಿಡಬೇಡಿ, ಅಪರಿಚಿತರೂ ನಿಮ್ಮ ಸರ್ವರ್‌ಗೆ ನುಗ್ಗಬಹುದು. ಅದಕ್ಕೆ ವಿಪಿಎನ್ ಬಳಸಿ.