ಬಂಜರೆಂದು ಹೇಳಿದವರು ಯಾರು? ಕೂಡಗಿಯ ಇತಿಹಾಸ ಕಲಿಸುವ ಪಾಠ

ಹದೀಸ್ ಶಾಸ್ತ್ರವನ್ನು ಕಲಿಯುವವರಿಗೆ ದೊರೆಯುವ ಮೊದಲ ಪಾಠವೆಂದರೆ ಮಾತಿನ ಜೊತೆಗೆ ಅದನ್ನು ವರದಿ ಮಾಡಿದವನನ್ನೂ ಪರಿಶೀಲಿಸುವುದು. ಆತ ಯಾರು, ಯಾರಿಂದ ಕೇಳಿದನು, ಸತ್ಯವಂತನೇ ಎಂಬುದು ತಿಳಿಯದೆ ವರದಿಯನ್ನು ಸ್ವೀಕರಿಸುವಂತಿಲ್ಲ. ಸುದ್ದಿ ಬಂದಾಗ ಪರಿಶೀಲಿಸಬೇಕೆಂಬುದು ಸೂರಃ ಹುಜುರಾತ್‌ನ ಆದೇಶವೂ ಹೌದು. ಸರಕಾರಿ ಕಾಗದಕ್ಕೂ ಪತ್ರಿಕೆಯ ಸುದ್ದಿಗೂ ಇದೇ ಅಳತೆಗೋಲನ್ನು ಹಿಡಿದರೆ ಏನು ಕಾಣುತ್ತದೆ? ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯ ಇತಿಹಾಸವೇ ಸಾಕು.

ಇದು ಬರವನ್ನು ಬಲ್ಲ ನಾಡು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟಾಗ, ಕೃಷ್ಣೆಯ ನೀರು ತಮ್ಮ ಹೊಲಗಳಿಗೆ ಹರಿಯುವುದೆಂದು ಜನ ನಂಬಿದ್ದರು. ಹಲವು ಹಳ್ಳಿಗಳು ಆ ನೀರಿನಲ್ಲಿಯೇ ಮುಳುಗಿದವು. ಅರ್ಧ ಶತಮಾನದ ಬಳಿಕ ಅದೇ ಆಲಮಟ್ಟಿಯ ನೀರನ್ನು ನೆಚ್ಚಿ ಎನ್‌ಟಿಪಿಸಿ ಕಂಪೆನಿಯು 2,400 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರವನ್ನು ಕೂಡಗಿಯಲ್ಲಿ ಕಟ್ಟಲು ಮುಂದಾಯಿತು. 2012ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನೀಡಿತು.

ರೈತರು ಆ ಅನುಮತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಿದರು. 2014ರ ಮಾರ್ಚ್‌ನಲ್ಲಿ ತೀರ್ಪು ಬಂದಿತು. ಭೂಮಿಯ ಸ್ವರೂಪದ ಕುರಿತು ಕಂಪೆನಿ ಸರಿಯಾದ ಮಾಹಿತಿ ನೀಡಿರಲಿಲ್ಲವೆಂದು ಮಂಡಳಿ ಕಂಡುಕೊಂಡಿತು. ಬೆಳೆ ಬೆಳೆಯುವ ನೆಲವನ್ನು ಬಂಜರೆಂಬಂತೆ ತೋರಿಸಲಾಗಿತ್ತು. ಅನುಮತಿಯನ್ನು ತಡೆಹಿಡಿದು, ವಿಷಯವನ್ನು ಮರುಪರಿಶೀಲನೆಗೆ ಕಳುಹಿಸಲಾಯಿತು. ಅದೇ ವರ್ಷ ಜುಲೈ 5ರಂದು ಕೂಡಗಿಯಲ್ಲಿ ಪ್ರತಿಭಟಿಸುತ್ತಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ರೈತರು ಗಾಯಗೊಂಡರು. ಆದರೂ ಸ್ಥಾವರ ಮೇಲೆದ್ದಿತು. 2017 ಮತ್ತು 2018ರಲ್ಲಿ ಅದರ ಮೂರೂ ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು.

ಎನ್‌ಟಿಪಿಸಿ ಖಾಸಗಿ ಸಂಸ್ಥೆಯಲ್ಲ, ಕೇಂದ್ರ ಸರಕಾರದ ಉದ್ಯಮ ಎಂಬುದನ್ನು ನಾವು ಮರೆತಿಲ್ಲ. ನಮ್ಮ ಮನೆ, ಮಸೀದಿ, ಶಾಲೆಗಳ ದೀಪಕ್ಕೂ ವಿದ್ಯುತ್ ಬೇಕು. ಆದರೆ ನ್ಯಾಯ ಹೇಳಬೇಕಾದ ಸರಕಾರವೇ ಕಂಪೆನಿಯ ಒಡೆಯನೂ ಆಗಿ ನಿಂತಾಗ ರೈತ ಯಾರ ಬಳಿ ದೂರು ಕೊಂಡೊಯ್ಯಬೇಕು? ಜನರ ಭ್ರಮನಿರಸನ ಹುಟ್ಟುವುದು ಇಲ್ಲಿಯೇ.

ಆಗ ಜನರ ಪರವಾಗಿ ಕೇಳಬೇಕಾದುದು ಮಾಧ್ಯಮ. ಅದರ ಸ್ಥಿತಿಯಾದರೂ ಏನು? ಕೂಡಗಿಯಲ್ಲಿ ಗುಂಡು ಹಾರಿದ ಅದೇ ಜುಲೈ ತಿಂಗಳಲ್ಲಿ ದೇಶದ ದೊಡ್ಡ ಸುದ್ದಿ ಸಮೂಹವಾದ ನೆಟ್‌ವರ್ಕ್18 ರಿಲಯನ್ಸ್ ಉದ್ಯಮದ ಹಿಡಿತಕ್ಕೆ ಬಂದಿತು. 2022ರ ಡಿಸೆಂಬರ್‌ನಲ್ಲಿ ಎನ್‌ಡಿಟಿವಿ ಅದಾನಿ ಸಮೂಹದ ಪಾಲಾಯಿತು. ಒಡೆಯನು ಉದ್ಯಮಿ ಎಂದ ಮಾತ್ರಕ್ಕೆ ಪ್ರತಿ ಸುದ್ದಿಯೂ ಸುಳ್ಳೆಂದು ನಾವು ಹೇಳುವುದಿಲ್ಲ, ಅದು ಅನ್ಯಾಯವಾದೀತು. ಆದರೆ ಪಕ್ಷಪಾತ ಸುಳ್ಳಿನಲ್ಲಿ ಮಾತ್ರ ಇರುವುದಿಲ್ಲ, ಮೌನದಲ್ಲಿಯೂ ಇರುತ್ತದೆ. ಮೆಗಾವ್ಯಾಟ್ ಲೆಕ್ಕ ಹೇಳಿ, ಹೊಲ ಕಳೆದುಕೊಂಡವನ ಮಾತನ್ನು ಬಿಟ್ಟುಬಿಟ್ಟರೆ ಆ ವರದಿ ಅರ್ಧಸತ್ಯವಷ್ಟೇ.

ಹಾಗೆಂದು ನಿರಾಶರಾಗಿ ಕೂರುವುದು ನಮಗೆ ಶೋಭಿಸದು. ಕೂಡಗಿಯ ಸತ್ಯವನ್ನು ಮೊದಲು ಹೇಳಿದವರು ಆ ನೆಲವನ್ನು ಉತ್ತವರು. 2006ರ ಪರಿಸರ ಅಧಿಸೂಚನೆಯಂತೆ ಇಂತಹ ಯೋಜನೆಗಳ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಅದನ್ನು ಕೇಳಿ ಪಡೆಯೋಣ, ನಮ್ಮ ಪಹಣಿಯೊಂದಿಗೆ ಹೋಲಿಸಿ ಓದೋಣ, ಅಹವಾಲು ಸಭೆಯಲ್ಲಿ ಎದ್ದು ನಿಂತು ಮಾತನಾಡೋಣ. ಜೋಳ ಬೆಳೆದ ಹೊಲವನ್ನು ಯಾರಾದರೂ ಬಂಜರೆಂದು ಬರೆದರೆ, ಅಲ್ಲವೆಂದು ಸಾಕ್ಷಿ ಹೇಳುವ ಹೊಣೆ ಆ ಹೊಲವನ್ನು ಕಣ್ಣಾರೆ ಕಂಡವರೆಲ್ಲರ ಮೇಲಿದೆ.