ಅಣ್ಣನ ಬಗೆ, ತಮ್ಮನ ಬಗೆ

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 35 ಅಡಿ ಎತ್ತರದ ಬಾಹುಬಲಿ ನಿಂತಿದ್ದಾನೆ. 1604ರಲ್ಲಿ ತಿಮ್ಮಣ್ಣ ಅಜಿಲ ಅರಸ ನಿಲ್ಲಿಸಿದ ಮೂರ್ತಿಯಿದು. ಅದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ನೆರೆಯ ಮೂಡುಬಿದಿರೆಯ ರತ್ನಾಕರವರ್ಣಿ ಈತನ ಅಣ್ಣನ ಕಥೆಯನ್ನು ‘ಭರತೇಶ ವೈಭವ’ವೆಂದು ಸಾಂಗತ್ಯದಲ್ಲಿ ಹಾಡಿದ್ದ.

941ರಲ್ಲಿ ಪಂಪ ಬರೆದ ‘ಆದಿಪುರಾಣ’ದಲ್ಲಿ ಅಣ್ಣತಮ್ಮಂದಿರು ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಸೆಣಸುತ್ತಾರೆ. ತಮ್ಮ ಗೆಲ್ಲುತ್ತಾನೆ; ಗೆದ್ದುದನ್ನು ಬಿಟ್ಟು ತಪಸ್ಸಿಗೆ ನಡೆಯುತ್ತಾನೆ. ರತ್ನಾಕರ ಈ ಕಾಳಗವನ್ನೇ ಕೈಬಿಟ್ಟ. ಅವನ ಭರತ ರಣರಂಗದಲ್ಲಿ ತಮ್ಮನೊಡನೆ ನಯವಾಗಿ ಮಾತನಾಡುತ್ತಾನೆ. ಗೆಲವು ನಿನ್ನದೇ ಎಂದು ಒಪ್ಪಿಬಿಡುತ್ತಾನೆ.

ಇದು ಹೇಡಿತನವೆ? ಅಲ್ಲ, ಮನುಷ್ಯರನ್ನು ಅರಿತ ಜಾಣ್ಮೆ. ಭರತ ಒಲಿಸಿ ಬಾಳುವ ಜೀವ. ರಾಣಿಯರೊಡನೆ ಸರಸವಾಡಿದಷ್ಟೇ ಸಹಜವಾಗಿ ಧ್ಯಾನಕ್ಕೂ ಕೂರಬಲ್ಲ. ಬಾಹುಬಲಿಯಾದರೋ ಅಭಿಮಾನಿ, ಅಪ್ಪಣೆಗೆ ಬಾಗುವವನಲ್ಲ. ಅಂಥವನಿಗೆ ಆಜ್ಞೆಯೇ ಕಿಚ್ಚು, ಮನ್ನಣೆಯೇ ಮದ್ದು.

ನಮ್ಮ ಕಛೇರಿಗಳಲ್ಲಿಯೂ ಮನೆಗಳಲ್ಲಿಯೂ ಈ ಇಬ್ಬರೂ ಇದ್ದಾರೆ. ಎಷ್ಟೋ ಸಲ ಗಂಡಹೆಂಡಿರಲ್ಲಿ ಒಬ್ಬರು ಮಾತಿಗೆ ಕರಗಿದರೆ ಇನ್ನೊಬ್ಬರಿಗೆ ಮೌನ ಬೇಕು. ತನಗೆ ಹಿತವಾದುದೇ ಎಲ್ಲರಿಗೂ ಹಿತವೆಂದುಕೊಳ್ಳುವಲ್ಲಿಯೇ ಜಗಳದ ಬೇರು.

ಆದರೆ ರತ್ನಾಕರ ಇಷ್ಟಕ್ಕೇ ನಿಲ್ಲಲಿಲ್ಲ. ಅವನ ಕಾವ್ಯದಲ್ಲಿಯೂ ಬಾಹುಬಲಿ ಕೊನೆಗೆ ಅರಮನೆ ತೊರೆದು ಹೊರಟೇಬಿಡುತ್ತಾನೆ. ಅಣ್ಣನ ಅರಿವು ಯುದ್ಧವನ್ನು ತಡೆಯಿತು, ತಮ್ಮನನ್ನು ತಡೆಯಲಿಲ್ಲ. ಒಬ್ಬರನ್ನು ತಿಳಿದುಕೊಂಡೆವೆಂದರೆ ಅವರು ನಮ್ಮಂತಾದರೆಂದಲ್ಲ. ಅವರು ಅವರಾಗಿಯೇ ಹೋಗಲು ದಾರಿ ಬಿಟ್ಟೆವೆಂದು ಅರ್ಥ. ಭರತನಿಗೂ ಅದು ಸುಲಭವಾಗಿರಲಿಕ್ಕಿಲ್ಲ.